ಲಿಫ್ಟ್ ಹಾಕಿಸುವ ಮುನ್ನ ಗಾಡಿಯ ಅಡಿ ನೋಡಿ

ಥಾರ್, ಜಿಮ್ನಿ ಅಥವಾ ಹಳೆಯ ಜಿಪ್ಸಿ ಇಟ್ಟುಕೊಂಡು, ಬೆಳಿಗ್ಗೆ ಗೊರೂರಿನಿಂದ ಹಾಸನಕ್ಕೆ ಕೆಲಸಕ್ಕೆ ಹೋಗಿ, ಸಂಜೆ ಅದೇ ಗಾಡಿಯನ್ನು ತೋಟದ ಮಣ್ಣುದಾರಿಗೆ ಇಳಿಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ‘ಎರಡಿಂಚು ಲಿಫ್ಟ್ ಹಾಕಿಸಲೇ, ಮೂರಿಂಚು ಹಾಕಿಸಲೇ?’ ಎಂಬುದು ಹೊಸಬರ ಮೊದಲ ಪ್ರಶ್ನೆ. ಅದಕ್ಕೂ ಮೊದಲು ಇನ್ನೊಂದು ಪ್ರಶ್ನೆಗೆ ಉತ್ತರ ಸಿಗಬೇಕು: ನಿಮ್ಮ ಗಾಡಿ ಈಗ ಎಲ್ಲಿ ತಗಲುತ್ತಿದೆ?

ಇದನ್ನು ತಿಳಿಯಲು ಒಂದು ಸುಲಭದ ದಾರಿಯಿದೆ. ಮಳೆಯಿಲ್ಲದ ದಿನಗಳಲ್ಲಿ ಮುಂದಿನ ಬಂಪರಿನ ಕೆಳ ಅಂಚು, ನಡುವಿನ ಚಾಸಿ ಅಡ್ಡಪಟ್ಟಿ, ಹಿಂದಿನ ಆಕ್ಸಲ್ ನಡುವೆ ಇರುವ ಡಿಫರೆನ್ಷಿಯಲ್ ಗುಂಡು, ಹಿಂದಿನ ಬಂಪರಿನ ಅಡಿ, ಇಷ್ಟಕ್ಕೂ ಸುಣ್ಣ ಬಳಿಯಿರಿ. ನೀವು ದಿನವೂ ಓಡಾಡುವ ದಾರಿಯಲ್ಲೇ ಎರಡು ವಾರ ಓಡಿಸಿ. ಸುಣ್ಣ ಎಲ್ಲಿ ಕೆರೆದುಹೋಗಿದೆಯೋ ಅಲ್ಲೇ ನಿಮ್ಮ ತೊಂದರೆ. ಎಲ್ಲೂ ಕೆರೆಯದಿದ್ದರೆ ನಿಮಗೆ ಲಿಫ್ಟ್ ಬೇಕಾಗಿಲ್ಲ. ಆ ದುಡ್ಡಿನಲ್ಲಿ ಒಳ್ಳೆಯ ಟೈರ್ ಹಾಕಿಸಿಕೊಳ್ಳಿ.

ಕೆರೆದದ್ದು ನಡುಹೊಟ್ಟೆಯಾದರೆ ಲಿಫ್ಟ್ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ನಾಲೆ ಏರಿಯನ್ನು ಅಡ್ಡಲಾಗಿ ಹತ್ತಿ ಇಳಿಯುವಾಗ ಆಗುವುದು ಇದೇ: ಮುಂದಿನ ಚಕ್ರ ಆಚೆ ಇಳಿದಿರುತ್ತದೆ, ಹಿಂದಿನದು ಇನ್ನೂ ಈಚೆ ಇರುತ್ತದೆ, ಏರಿಯ ನೆತ್ತಿ ಹೊಟ್ಟೆಗೆ ತಾಗುತ್ತದೆ. ಆಳವಾದ ಹಳ್ಳಕ್ಕೆ ಇಳಿಯುವಾಗ ಮುಂದಿನ ಬಂಪರು, ಅಲ್ಲಿಂದ ಮೇಲೇರುವಾಗ ಹಿಂದಿನ ಬಂಪರು ತಗಲಿದರೂ ಲಿಫ್ಟ್ ಸಹಾಯ ಮಾಡುತ್ತದೆ. ಅದು ಚಾಸಿ ಮತ್ತು ಬಾಡಿಯನ್ನು ಚಕ್ರದ ಮಟ್ಟದಿಂದ ಮೇಲಕ್ಕೆತ್ತುತ್ತದೆ, ಅಷ್ಟೆ.

ಟ್ರ್ಯಾಕ್ಟರ್ ಓಡಿ ಬಿದ್ದ ಜಾಡಿನಲ್ಲಿ ಮಾತ್ರ ಲೆಕ್ಕ ಬೇರೆ. ಅಲ್ಲಿ ಎರಡು ಜಾಡುಗಳ ನಡುವಿನ ದಿಂಡಿಗೆ ತಾಗುವುದು ಡಿಫರೆನ್ಷಿಯಲ್ ಗುಂಡು. ಆ ಗುಂಡು ಆಕ್ಸಲ್ಲಿಗೆ ಸೇರಿದ್ದು, ಆಕ್ಸಲ್ ಚಕ್ರಕ್ಕೆ ಸೇರಿದ್ದು. ಸ್ಪ್ರಿಂಗ್ ಎಷ್ಟೇ ಉದ್ದ ಮಾಡಿದರೂ ಚಕ್ರದ ನಡುಬಿಂದು ನೆಲದಿಂದ ಒಂದು ಮಿಲಿಮೀಟರೂ ಮೇಲೇಳುವುದಿಲ್ಲ. ಜಿಮ್ನಿಯಲ್ಲೂ ಜಿಪ್ಸಿಯಲ್ಲೂ ಮುಂದೆ ಹಿಂದೆ ಎರಡೂ ಗಟ್ಟಿ ಆಕ್ಸಲ್. 2020ರಲ್ಲಿ ಬಂದ ಥಾರ್‌ನಲ್ಲಿ ಹಿಂದೆ ಗಟ್ಟಿ ಆಕ್ಸಲ್ ಇದ್ದು, ಮುಂದಿನ ಎರಡು ಚಕ್ರಗಳು ಬೇರೆ ಬೇರೆಯಾಗಿ ಆಡುತ್ತವೆ. ಅದರ ಮುಂದಿನ ಡಿಫರೆನ್ಷಿಯಲ್ ಚಾಸಿಗೇ ಕೂತಿರುವುದರಿಂದ ಲಿಫ್ಟ್ ಜೊತೆ ಅದೂ ಮೇಲೇಳುತ್ತದೆ, ಹಿಂದಿನದು ಏಳುವುದಿಲ್ಲ. ಹೊಸಬರು ಬೇರೆಲ್ಲ ಮರೆತರೂ ಇದೊಂದನ್ನು ನೆನಪಿಟ್ಟುಕೊಳ್ಳಬೇಕು.

ಆ ಗುಂಡನ್ನು ಎತ್ತುವುದು ಟೈರ್ ಮಾತ್ರ, ಅದೂ ಅರ್ಧ ಲೆಕ್ಕದಲ್ಲಿ. ಜಿಮ್ನಿಗೆ ಕಂಪನಿ ಕೊಡುವ 195/80 ಆರ್15 ಟೈರಿನ ವ್ಯಾಸ ಸುಮಾರು 693 ಮಿ.ಮೀ. ಅದರ ಬದಲು 215/75 ಆರ್15 ಹಾಕಿದರೆ ಸುಮಾರು 703 ಮಿ.ಮೀ. ಆಗುತ್ತದೆ. ವ್ಯಾಸದಲ್ಲಿ ಹತ್ತು ಹೆಚ್ಚಿದರೂ ಆಕ್ಸಲ್ ಏರುವುದು ಐದೇ ಮಿಲಿಮೀಟರ್. 235/75 ಆರ್15 ಆದರೆ ಆಕ್ಸಲ್ ಸುಮಾರು 20 ಮಿ.ಮೀ. ಏರುತ್ತದೆ, ಆದರೆ ಆ ದಪ್ಪದ ಟೈರ್ ಚಕ್ರದ ಗೂಡಿನಲ್ಲಿ ಉಜ್ಜಬಹುದು. ಉಜ್ಜದಿರಲಿ ಎಂದೇ ಎಷ್ಟೋ ಜನ ಲಿಫ್ಟ್ ಮಾಡಿಸುತ್ತಾರೆ. ದೊಡ್ಡ ಟೈರ್ ಬಂದಮೇಲೆ ಸ್ಪೀಡೋಮೀಟರ್ ನಿಜಕ್ಕಿಂತ ಕಡಿಮೆ ವೇಗ ತೋರಿಸುತ್ತದೆ, ಬ್ರೇಕಿಗೆ ಹೆಚ್ಚು ಕೆಲಸ ಬೀಳುತ್ತದೆ, ಮೈಲೇಜ್ ಇಳಿಯುತ್ತದೆ.

ಹೇಮಾವತಿ ಹಿನ್ನೀರಿನ ವಿಷಯವನ್ನೂ ಇಲ್ಲೇ ಹೇಳಬೇಕು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಶೆಟ್ಟಿಹಳ್ಳಿ ಚರ್ಚಿನ ಸುತ್ತಿನಂಥ ಜಾಗಗಳಲ್ಲಿ ನೆಲ ಮೇಲೆ ಒಣಗಿ ಬಿರುಕು ಬಿಟ್ಟಂತೆ ಕಂಡರೂ ಒಳಗೆ ಹೂಳು ಹಸಿಯಾಗಿಯೇ ಇರಬಹುದು. ಅಲ್ಲಿ ಹೂತ ಗಾಡಿಗೆ ಲಿಫ್ಟ್ ಏನೂ ಮಾಡಲಾರದು. ಟೈರಿನ ಗಾಳಿಯನ್ನು 18–20 ಪಿಎಸ್‌ಐಗೆ ಇಳಿಸಿದರೆ ಟೈರ್ ಅಗಲವಾಗಿ ಕೂತು ಭಾರ ಹಂಚಿಹೋಗುತ್ತದೆ. ಡಾಂಬರು ರಸ್ತೆಗೆ ಹತ್ತುವ ಮುನ್ನ ಮತ್ತೆ ಗಾಳಿ ತುಂಬಲು ಒಂದು ಸಣ್ಣ ಕಂಪ್ರೆಸರ್ ಜೊತೆಗಿರಲಿ.

ಇನ್ನು ಲಿಫ್ಟ್ ಬೇಕೇ ಬೇಕು ಎಂದು ತೀರ್ಮಾನವಾದವರಿಗೆ. ದಿನವೂ ಓಡಿಸುವ ಗಾಡಿಗೆ 40ರಿಂದ 50 ಮಿ.ಮೀ., ಅಂದರೆ ಎರಡಿಂಚಿನೊಳಗೆ ನಿಲ್ಲಿಸಿ ಎಂಬುದು ನನ್ನ ಖಚಿತ ಅಭಿಪ್ರಾಯ. ಸ್ಪ್ರಿಂಗ್ ಮೇಲೆ ಸ್ಪೇಸರ್ ಕೂರಿಸುವುದು ಅಗ್ಗದ ದಾರಿ. ಅದು ಎತ್ತರ ಕೊಡುತ್ತದೆ, ಆದರೆ ಶಾಕ್ ಅಬ್ಸಾರ್ಬರ್ ಹಳೆಯ ಉದ್ದದ್ದೇ ಆಗಿರುವುದರಿಂದ ಚಕ್ರ ಕೆಳಗೆ ಇಳಿಯಬೇಕಾದಾಗ ಅದು ಬೇಗ ತುದಿ ಮುಟ್ಟಿ ಬಡಿಯುತ್ತದೆ. ಸ್ಪ್ರಿಂಗೂ ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರೂ ಒಟ್ಟಿಗೆ ಬರುವ ಕಿಟ್ಟಿಗೆ ದುಡ್ಡು ಹೆಚ್ಚಾದರೂ ಅದೇ ಸರಿಯಾದ ದಾರಿ. ಹಳೆಯ ಜಿಪ್ಸಿಯವರು ಮೊದಲು ಕಮಾನು ಪ್ಲೇಟುಗಳನ್ನು ನೋಡಲಿ. ವರ್ಷಗಟ್ಟಲೆ ದುಡಿದ ಪ್ಲೇಟುಗಳು ಬಾಗು ಕಳೆದುಕೊಂಡು ಚಪ್ಪಟೆಯಾಗಿರುತ್ತವೆ. ಹೊಸ ಪ್ಲೇಟ್ ಸೆಟ್ಟೂ ಹೊಸ ಬುಷ್ಷೂ ಹಾಕಿದರೆ ಕಳೆದುಹೋದ ಎತ್ತರ ತಾನಾಗಿ ವಾಪಸ್ ಬರುತ್ತದೆ.

ಸ್ಪ್ರಿಂಗ್ ಆರಿಸುವಾಗ ಅಂಗಡಿಯವರು ‘ಎಷ್ಟು ಭಾರಕ್ಕೆ?’ ಎಂದು ಕೇಳಬೇಕು. ಕೇಳದಿದ್ದರೆ ನೀವೇ ಹೇಳಿ. ವಿಂಚ್, ಕಬ್ಬಿಣದ ಬಂಪರು, ಮೇಲೆ ಕ್ಯಾರಿಯರ್ ಇರುವ ಗಾಡಿಗೆ ಮಾಡಿದ ಗಟ್ಟಿ ಸ್ಪ್ರಿಂಗನ್ನು ಒಬ್ಬರೇ ಓಡಿಸುವ ಖಾಲಿ ಗಾಡಿಗೆ ಹಾಕಿದರೆ ಅದು ಕುಣಿಯುತ್ತದೆ, ಉಬ್ಬಿನ ಮೇಲೆ ಚಕ್ರ ನೆಲ ಬಿಡುತ್ತದೆ. ಹಿಂದಿನ ಸೀಟಿನಲ್ಲಿ ವಯಸ್ಸಾದ ತಂದೆತಾಯಿ ಕೂರುವ ಮನೆಯಾದರೆ ಇದೇ ಎಲ್ಲಕ್ಕಿಂತ ಮುಖ್ಯವಾದ ಆಯ್ಕೆ.

ಎತ್ತರ ಕೂಡಿದಾಗ ಬೇರೆ ಕೋನಗಳೂ ಬದಲಾಗುತ್ತವೆ. ಜಿಮ್ನಿಯಲ್ಲಿ ಮುಂದಿನ ಆಕ್ಸಲ್ ಸ್ವಲ್ಪ ತಿರುಗಿದಂತಾಗಿ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವ ಗುಣ ಕಡಿಮೆಯಾಗುತ್ತದೆ. ಊರೊಳಗೆ ಇದು ಗೊತ್ತಾಗುವುದಿಲ್ಲ. ಹಾಸನ ದಾಟಿ ಬೆಂಗಳೂರು ಹೆದ್ದಾರಿಯಲ್ಲಿ ವೇಗ ಹಿಡಿದಾಗ ಗಾಡಿ ಅತ್ತಿತ್ತ ಎಳೆಯುತ್ತದೆ. ಇದನ್ನು ಸರಿಪಡಿಸುವ ಬುಷ್ ಕಿಟ್ಟಿನ ಜೊತೆಗೇ ಇರಬೇಕು. ಥಾರ್‌ನಲ್ಲಿ ಮುಂದಿನ ಡ್ರೈವ್ ಶಾಫ್ಟಿನ ಜಾಯಿಂಟುಗಳು ಹೆಚ್ಚು ಬಾಗಿ ಬೇಗ ಸವೆಯಬಹುದು. ಯಾವುದೇ ಗಾಡಿಯಾಗಲಿ, ಚಕ್ರವನ್ನು ಪೂರ್ತಿ ಕೆಳಗೆ ಬಿಟ್ಟು ಬ್ರೇಕ್ ಪೈಪು ಎಳೆದುಕೊಂಡಿಲ್ಲ ಎಂಬುದನ್ನು ನಿಮ್ಮ ಕಣ್ಣಾರೆ ನೋಡಿ. ಜೊತೆಗೆ ಭಾರದ ನಡುಬಿಂದು ಮೇಲೇರಿರುತ್ತದೆ. ಬಿಸಿಲೆ ಘಾಟಿಯ ತಿರುವುಗಳಲ್ಲಿ ಮೊದಲಿನ ವೇಗವನ್ನು ಮರೆತುಬಿಡಿ.

ಕಾನೂನನ್ನು ಬಿಟ್ಟು ಈ ಪಾಠ ಮುಗಿಸುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಡನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಪ್ರಕರಣದಲ್ಲಿ ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ 182ಎ ಕಲಮು ಅಂಥ ಒಂದೊಂದು ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಜೈಲು ಅಥವಾ ಎರಡನ್ನೂ ಹೇಳುತ್ತದೆ. ಆದ್ದರಿಂದ ಕಿಟ್ ಕೊಳ್ಳುವ ಮೊದಲು ಹಾಸನದ ಆರ್‌ಟಿಒ ಕಚೇರಿಯಲ್ಲೂ ವಿಮೆ ಕಂಪನಿಯಲ್ಲೂ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಅಪಘಾತವಾದ ಮೇಲೆ ಕ್ಲೇಮ್ ತಿರಸ್ಕಾರವಾದರೆ ಹೊರೆ ಬೀಳುವುದು ಇಡೀ ಮನೆಯ ಮೇಲೆ.

ಒಪ್ಪಿಗೆ ಸಿಕ್ಕಿ ಕಿಟ್ ಕೂರಿಸುವ ದಿನ, ಕೆಲಸ ಶುರುವಾಗುವ ಮೊದಲು ಸಮತಟ್ಟಾದ ನೆಲದಲ್ಲಿ ಗಾಡಿ ನಿಲ್ಲಿಸಿ, ನಾಲ್ಕೂ ಚಕ್ರಗಳ ನಡುಬಿಂದುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಅಳೆದು ಬರೆದಿಡಿ. ಕೆಲಸ ಮುಗಿದಮೇಲೆ ಮತ್ತೆ ಅಳೆಯಿರಿ. ಅಲೈನ್‌ಮೆಂಟ್ ಮಾಡಿಸಿ, ಎದುರು ಬರುವವರ ಕಣ್ಣಿಗೆ ಹೊಡೆಯದಂತೆ ಹೆಡ್‌ಲೈಟನ್ನು ತಗ್ಗಿಸಿ. ಸಾವಿರ ಕಿಲೋಮೀಟರ್ ಓಡಿದ ಮೇಲೆ ಸ್ಪ್ರಿಂಗ್ ಕೊಂಚ ಕೂತಿರುತ್ತದೆ. ಆಗ ಮೂರನೇ ಸಲ ಅಳೆಯಿರಿ, ಬಿಚ್ಚಿ ಕೂರಿಸಿದ ಪ್ರತಿಯೊಂದು ಬೋಲ್ಟನ್ನೂ, ಜಿಪ್ಸಿಯಾದರೆ ಯು ಬೋಲ್ಟುಗಳನ್ನೂ, ಟಾರ್ಕ್ ರೆಂಚ್ ಹಿಡಿದು ಮತ್ತೆ ಬಿಗಿ ಮಾಡಿಸಿ.