ಥರ್ಮಾಮೀಟರ್ ನೋಡಿ ಅಲ್ಲ, ಮಗುವಿನ ಮುಖ ನೋಡಿ ಔಷಧಿ ಕೊಡಿ

ಮಗುವಿನ ಮೈ ಬಿಸಿಯಾದ ರಾತ್ರಿ ಹೊಸ ತಂದೆತಾಯಿಗೆ ಎರಡು ಭಯ ಒಟ್ಟಿಗೆ ಕಾಡುತ್ತವೆ: ಔಷಧಿ ಕೊಡದಿದ್ದರೆ ಏನಾಗುತ್ತದೋ, ಕೊಟ್ಟರೆ ಏನಾಗುತ್ತದೋ. ಒಂದು ಮನೆಯಲ್ಲಿ ಮೂಗು ಸೋರಿದರೂ ಸಿರಪ್ ಕುಡಿಸುತ್ತಾರೆ. ಇನ್ನೊಂದು ಮನೆಯಲ್ಲಿ ಮಗು ಕಿವಿನೋವಿನಿಂದ ರಾತ್ರಿಯಿಡೀ ಅತ್ತರೂ ‘ಇಂಗ್ಲಿಷ್ ಔಷಧಿ ಬೇಡ’ ಎಂದು ಕೂತುಬಿಡುತ್ತಾರೆ. ಮಕ್ಕಳ ವಾರ್ಡಿನಲ್ಲಿ ದಾದಿಯಾಗಿ ದುಡಿದು, ಈಗ ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತಿರುವ ನಾನು ಎರಡು ಬಗೆಯ ಮನೆಗಳನ್ನೂ ಕಂಡಿದ್ದೇನೆ. ನೋವಿನ ಔಷಧಿ ಇರುವುದು ಮಗುವಿನ ಸಂಕಟಕ್ಕೆ. ನಮ್ಮ ಆತಂಕ ಇಳಿಸಿಕೊಳ್ಳಲು ಕೊಡಬಾರದು, ಮಗು ನರಳುವಾಗ ಕೊಡದೇ ಇರಲೂಬಾರದು.

ಕೊಡಬೇಕೋ ಬೇಡವೋ

- ಮೊದಲು ಮಗುವನ್ನು ನೋಡಿ. ಮೈ ಬಿಸಿಯಿದ್ದರೂ ಆಡುತ್ತಿದೆ, ನೀರು ಕುಡಿಯುತ್ತಿದೆ, ಕರೆದರೆ ನಗುತ್ತಿದೆ ಎಂದರೆ ಔಷಧಿಗೆ ಅವಸರವಿಲ್ಲ. ಜ್ವರ 100 ಡಿಗ್ರಿಯ ಆಸುಪಾಸಿನಲ್ಲೇ ಇದ್ದರೂ ಮಗು ಮುದುಡಿ ಮಲಗಿದ್ದರೆ, ಮೈಕೈ ಮುಟ್ಟಿದರೆ ಅಳುತ್ತಿದ್ದರೆ, ನೋವಿನಿಂದ ಹಾಲು ಬಿಟ್ಟಿದ್ದರೆ ಕೊಡಿ.

- ಜ್ವರವೇ ಶತ್ರುವಲ್ಲ. 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಜ್ವರ ಎನ್ನುತ್ತಾರೆ. ಸೋಂಕಿನೊಡನೆ ಹೋರಾಡಲು ದೇಹವೇ ಮೈ ಬಿಸಿ ಮಾಡಿಕೊಳ್ಳುತ್ತದೆ. ನೆಗಡಿ, ವೈರಲ್ ಜ್ವರದ ಕಾವಿನಿಂದ ಮಿದುಳಿಗೆ ಪೆಟ್ಟಾಗುವುದಿಲ್ಲ. ಔಷಧಿ ಕೊಟ್ಟ ಮೇಲೂ ಮೈ ಪೂರ್ತಿ ತಣ್ಣಗಾಗಬೇಕೆಂದಿಲ್ಲ. ಮಗು ಹಗುರಾಗಿ ಎರಡು ಗುಟುಕು ಕುಡಿದರೆ ಔಷಧಿ ತನ್ನ ಕೆಲಸ ಮಾಡಿದೆ ಎಂದೇ ತಿಳಿಯಿರಿ.

- ನೋವನ್ನು ಸಹಿಸಲಿ ಎನ್ನಬೇಡಿ. 1980ರ ದಶಕದವರೆಗೂ ಹಸುಗೂಸುಗಳಿಗೆ ನೋವು ಅಷ್ಟಾಗಿ ತಿಳಿಯದು ಎಂದು ದೊಡ್ಡ ದೊಡ್ಡ ವೈದ್ಯರೇ ನಂಬಿದ್ದರು. ಅನೇಕ ಕಡೆ ಸಾಕಷ್ಟು ಅರಿವಳಿಕೆ ಕೊಡದೆಯೇ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಇಂದೋರಿನಲ್ಲಿ ವೈದ್ಯಕೀಯ ಓದಿ ಆಕ್ಸ್‌ಫರ್ಡ್‌ಗೆ ಹೋದ ಡಾ. ಕನ್ವಲ್‌ಜೀತ್ ಆನಂದ್ ಅವರ ಸಂಶೋಧನೆ 1987ರ ಹೊತ್ತಿಗೆ ಆ ನಂಬಿಕೆಯನ್ನು ಅಲುಗಾಡಿಸಿತು. ಹೇಳಲು ಬಾಯಿ ಬಾರದ ಕೂಸಿಗೂ ನೋವು ನೋವೇ.

- ಮಾತು ಬರುವ ಮಗುವನ್ನೇ ಕೇಳಿ. ‘ನೋವಿದೆಯಾ?’ ಎಂದರೆ ಕೆಲವು ಮಕ್ಕಳು ಹೆದರಿ ಇಲ್ಲ ಎನ್ನುತ್ತವೆ. ‘ಎಲ್ಲಿ, ಬೆರಳಿಟ್ಟು ತೋರಿಸು ಕಂದ’ ಎನ್ನಿ. ಎಳೆಗೂಸಾದರೆ ಹುಬ್ಬು ಗಂಟಿಕ್ಕಿದೆಯೇ, ಕಾಲು ಹೊಟ್ಟೆಗೆ ಎಳೆದುಕೊಳ್ಳುತ್ತಿದೆಯೇ, ಎತ್ತಿಕೊಂಡರೂ ಸಮಾಧಾನವಾಗುತ್ತಿಲ್ಲವೇ ಗಮನಿಸಿ.

- ನಿದ್ದೆ ಮಾಡುವ ಮಗುವನ್ನು ಎಬ್ಬಿಸಿ ಕುಡಿಸಬೇಡಿ. ಉಸಿರಾಟ ಸರಾಗವಾಗಿದ್ದು ನೆಮ್ಮದಿಯಾಗಿ ಮಲಗಿದ್ದರೆ ಆ ನಿದ್ದೆಯೇ ಮದ್ದು.

- ಫಿಟ್ಸ್ ಬಂದೀತೆಂದು ಮುಂಚಿತವಾಗಿ ಕೊಡುವುದರಿಂದ ಫಲವಿಲ್ಲ. ಆರು ತಿಂಗಳಿಂದ ಐದು ವರ್ಷದೊಳಗಿನ ಕೆಲವು ಮಕ್ಕಳಿಗೆ ಜ್ವರದಲ್ಲಿ ಫಿಟ್ಸ್ ಬರುತ್ತದೆ. ಪ್ಯಾರಾಸಿಟಮಾಲ್ ಅದನ್ನು ತಡೆಯುವುದಿಲ್ಲ. ಬಂದರೆ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನನ್ನೂ ಹಾಕಬೇಡಿ, ಕೈಗೆ ಕಬ್ಬಿಣ ಕೊಡುತ್ತಾ ಹೊತ್ತು ಕಳೆಯಬೇಡಿ. ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ. ಮೊದಲ ಸಲ ಬಂದಿದ್ದರೆ, ಬೇಗ ನಿಂತರೂ ಆಸ್ಪತ್ರೆಗೆ ಹೋಗಲೇಬೇಕು.

- ಶಾಲೆಗೆ ಕಳಿಸಲೆಂದು ಕೊಡಬೇಡಿ. ಬೆಳಿಗ್ಗೆ ಸಿರಪ್ ಕುಡಿಸಿ ವ್ಯಾನು ಹತ್ತಿಸಿದ ಮಗುವಿಗೆ ಮಧ್ಯಾಹ್ನ ಮತ್ತೆ ಜ್ವರ ಏರುತ್ತದೆ. ಅಷ್ಟರಲ್ಲಿ ಪಕ್ಕದ ಮಕ್ಕಳಿಗೂ ಹರಡಿರುತ್ತದೆ. ಔಷಧಿ ಬೇಕಾಗುವಷ್ಟು ನೋವಿದ್ದರೆ ಅಂದು ಮನೆಯಲ್ಲೇ ಇರಲಿ.

ಸಣ್ಣ ಕಾಯಿಲೆಗಳು, ಒಂದೊಂದಾಗಿ

- ಕಿವಿನೋವು: ನೆಗಡಿಯ ಹಿಂದೆಯೇ, ಹೆಚ್ಚಾಗಿ ರಾತ್ರಿ ಹೊತ್ತು ಬರುತ್ತದೆ, ಬಹಳ ನೋಯುತ್ತದೆ. ಇದಕ್ಕೆ ಹಿಂಜರಿಯದೆ ಔಷಧಿ ಕೊಟ್ಟು ಬೆಳಿಗ್ಗೆ ವೈದ್ಯರಿಗೆ ತೋರಿಸಿ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡಬೇಡಿ. ತಮಟೆ ತೂತಾಗಿದ್ದರೆ ಎಣ್ಣೆ ಒಳಗಿಳಿದು ತೊಂದರೆ ಹೆಚ್ಚುತ್ತದೆ.

- ಗಂಟಲುನೋವು: ನುಂಗಲಾಗದೆ ನೀರನ್ನೇ ಬಿಟ್ಟಿದ್ದರೆ ಔಷಧಿ ಕೊಟ್ಟು, ಅರ್ಧ ಗಂಟೆಯ ನಂತರ ಗಂಜಿಯನ್ನೋ ಸಾರನ್ನವನ್ನೋ ತಿನ್ನಿಸಿ. ಹಳೆಯ ಆಂಟಿಬಯಾಟಿಕ್ ಬಾಟಲಿಯಲ್ಲಿ ಉಳಿದದ್ದನ್ನು ಕುಡಿಸಬೇಡಿ. ಅದು ನೋವಿನ ಔಷಧಿಯಲ್ಲ, ವೈರಸ್ಸಿಗೆ ನಾಟುವುದೂ ಇಲ್ಲ.

- ಹಲ್ಲು ಬರುವಾಗ: ತೊಳೆದ ತಣ್ಣನೆಯ ಬಟ್ಟೆ ಕಚ್ಚಲು ಕೊಡಿ, ಶುಭ್ರ ಬೆರಳಿನಿಂದ ವಸಡು ಮೆತ್ತಗೆ ತಿಕ್ಕಿ. ಮರಗಟ್ಟಿಸುವ ಜೆಲ್ ಹಚ್ಚಬೇಡಿ. ಮಗುವಿಗೆ ಜೋರು ಜ್ವರವೋ ಭೇದಿಯೋ ಇದ್ದರೆ ‘ಹಲ್ಲು ಬರ್ತಿದೆ’ ಎಂದು ಸುಮ್ಮನಾಗದೆ ಬೇರೆ ಕಾರಣ ಹುಡುಕಿ.

- ಚುಚ್ಚುಮದ್ದು: ಆರು, ಹತ್ತು, ಹದಿನಾಲ್ಕನೇ ವಾರದ ಪೆಂಟಾವೇಲೆಂಟ್ ಹಾಕಿಸಿದ ಸಂಜೆ ತೊಡೆ ಊದಿ ಜ್ವರ ಬರುವುದು ಸಾಮಾನ್ಯ. ಹಾಕಿಸುವ ಮುಂಚೆಯೇ ಸಿರಪ್ ಕೊಡಬೇಡಿ. ಜ್ವರವೋ ನೋವೋ ಬಂದರೆ ದಾದಿ ಹೇಳಿದ ಅಳತೆಯಲ್ಲಿ ಕೊಡಿ. ಚುಚ್ಚುವಾಗ ಮಗು ಎದೆಹಾಲು ಕುಡಿಯುತ್ತಿದ್ದರೆ ನೋವು ಕಡಿಮೆಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯೂ 2015ರಲ್ಲಿ ಇದನ್ನೇ ಹೇಳಿದೆ.

- ಹೊಟ್ಟೆನೋವು: ದೊಡ್ಡವರ ಹೊಟ್ಟೆನೋವಿನ ಮಾತ್ರೆಯನ್ನು ಅರ್ಧ ಮುರಿದು ಕೊಡಬೇಡಿ. ಹೊಕ್ಕುಳ ಸುತ್ತ ಶುರುವಾದ ನೋವು ಬಲಗಡೆ ಕೆಳಕ್ಕೆ ಸರಿದರೆ, ಹಸಿರು ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ ಕೂಡಲೇ ಆಸ್ಪತ್ರೆ. ಗಂಡುಹುಡುಗರು ವೃಷಣದ ನೋವನ್ನು ನಾಚಿಕೆಯಿಂದ ಹೊಟ್ಟೆನೋವು ಎನ್ನುವುದುಂಟು, ಬಿಡಿಸಿ ಕೇಳಿ. ಅದು ತಿರುಚಿಕೊಂಡಿದ್ದರೆ ಉಳಿಸಿಕೊಳ್ಳಲು ಸಿಗುವುದು ಕೆಲವೇ ಗಂಟೆ.

- ರಾತ್ರಿ ಕಾಲುನೋವು: ಹಗಲೆಲ್ಲ ಕುಣಿದ ಮಗು ರಾತ್ರಿ ಎರಡೂ ಕಾಲು ನೋಯುತ್ತದೆ ಎಂದರೆ ಎಣ್ಣೆ ಹಚ್ಚಿ ನೀವಿ, ಬಿಸಿ ಶಾಖ ಕೊಡಿ, ಹೆಚ್ಚಿನ ಸಲ ಸಾಕಾಗುತ್ತದೆ. ಒಂದೇ ಕಾಲು ನೋಯುತ್ತಿದ್ದರೆ, ಕುಂಟುತ್ತಿದ್ದರೆ, ಬಾವು ಬಂದಿದ್ದರೆ ತೋರಿಸಲೇಬೇಕು.

ಯಾವುದು, ಎಷ್ಟು

- ಮೊದಲ ಆಯ್ಕೆ ಪ್ಯಾರಾಸಿಟಮಾಲ್. ಅಳತೆ ವಯಸ್ಸಿನ ಮೇಲಲ್ಲ, ತೂಕದ ಮೇಲೆ: ಒಂದು ಕಿಲೋಗೆ ಒಂದು ಸಲಕ್ಕೆ 15 ಮಿಲಿಗ್ರಾಂ. ಎರಡು ಸಲದ ನಡುವೆ ಆರು ಗಂಟೆ ಬಿಡಿ, 24 ಗಂಟೆಯಲ್ಲಿ ನಾಲ್ಕು ಸಲ ಮೀರಬೇಡಿ.

- ಬಾಟಲಿಯ ಮೇಲಿನ ಅಂಕಿ ಓದಿ. 10 ಕಿಲೋ ಮಗುವಿಗೆ ಬೇಕಾದ್ದು 150 ಮಿಲಿಗ್ರಾಂ. 5 ಮಿಲಿಗೆ 125 ಇರುವ ಸಿರಪ್ ಆದರೆ 6 ಮಿಲಿ. 5 ಮಿಲಿಗೆ 250 ಇದ್ದರೆ 3 ಮಿಲಿ. 1 ಮಿಲಿಗೆ 100 ಇರುವ ಡ್ರಾಪ್ಸ್ ಆದರೆ ಒಂದೂವರೆ ಮಿಲಿ ಮಾತ್ರ. ಡ್ರಾಪ್ಸನ್ನು ಸಿರಪ್ಪಿನ ಅಳತೆಯಲ್ಲಿ 6 ಮಿಲಿ ಕುಡಿಸಿದರೆ ನಾಲ್ಕು ಪಟ್ಟು ಹೋದಂತೆ.

- ಅಡುಗೆಮನೆಯ ಚಮಚ ಬೇಡ. ಬಾಟಲಿಯ ಜೊತೆ ಬಂದ ಅಳತೆ ಮುಚ್ಚಳದಲ್ಲೋ ಸೂಜಿಯಿಲ್ಲದ ಸಿರಿಂಜಿನಲ್ಲೋ ಅಳೆಯಿರಿ. ಒಳಲೆಯಲ್ಲಿ ಕುಡಿಸುವ ರೂಢಿಯಿದ್ದರೆ, ಸಿರಿಂಜಿನಲ್ಲಿ ಅಳೆದು ಒಳಲೆಗೆ ಹಾಕಿ. ಹಾಲಿನ ಬಾಟಲಿಗೆ ಬೆರೆಸಬೇಡಿ. ಮಗು ಅರ್ಧ ಬಿಟ್ಟರೆ ಎಷ್ಟು ಹೋಯಿತೆಂದು ತಿಳಿಯದು.

- ಕೊಟ್ಟ ಹೊತ್ತು ಬರೆದಿಡಿ. ಅಮ್ಮ ಒಮ್ಮೆ, ಅಜ್ಜಿ ಒಮ್ಮೆ, ರಾತ್ರಿ ಅಪ್ಪ ಒಮ್ಮೆ ಕೊಟ್ಟು ಲೆಕ್ಕ ತಪ್ಪುವುದು ತುಂಬಿದ ಮನೆಗಳಲ್ಲೇ ಹೆಚ್ಚು. ಗೋಡೆಯ ಕ್ಯಾಲೆಂಡರಿನಲ್ಲಿ ಹೊತ್ತು, ಅಳತೆ ಬರೆಯಿರಿ. ಕೆಲವು ನೆಗಡಿ ಸಿರಪ್‌ಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ; ಎರಡನ್ನೂ ಒಟ್ಟಿಗೆ ಕೊಡಬೇಡಿ.

- ಹೆಚ್ಚು ಹೋಯಿತೆಂಬ ಅನುಮಾನ ಬಂದರೆ ಕಾಯಬೇಡಿ. ಮೊದಲ ದಿನ ಮಗು ಚೆನ್ನಾಗಿಯೇ ಕಾಣಬಹುದು, ಒಳಗೆ ಲಿವರ್ ಕೆಡುತ್ತಿರುತ್ತದೆ. ಇದಕ್ಕೆ ಆಸ್ಪತ್ರೆಯಲ್ಲಿ ಪ್ರತಿಮದ್ದು ಇದೆ, ಬೇಗ ಕೊಟ್ಟಷ್ಟೂ ಒಳ್ಳೆಯದು. ಬಾಟಲಿ ಜೊತೆಗೇ ಒಯ್ಯಿರಿ.

- ಐಬುಪ್ರೊಫೆನ್ ವೈದ್ಯರನ್ನು ಕೇಳಿಯೇ ಕೊಡಿ. ಆರು ತಿಂಗಳೊಳಗಿನ ಕೂಸಿಗೆ, ವಾಂತಿಭೇದಿಯಿಂದ ನೀರು ಕಳೆದುಕೊಂಡ ಮಗುವಿಗೆ, ಸೀತಾಳೆ ಸಿಡುಬು ಎದ್ದಾಗ ಬೇಡ. ಮಳೆಗಾಲದ ಜ್ವರಕ್ಕಂತೂ ಡೆಂಗಿ ಅಲ್ಲವೆಂದು ಖಾತ್ರಿಯಾಗುವವರೆಗೆ ಮುಟ್ಟಲೇಬೇಡಿ, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಕರ್ನಾಟಕ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ಕಾಯಿಲೆಯೆಂದು ಘೋಷಿಸಿದೆ. ಅದು ನಮ್ಮ ಊರುಕೇರಿಯ ಕಾಯಿಲೆ ಎಂಬುದು ನೆನಪಿರಲಿ.

- ಮಕ್ಕಳಿಗೆ ಸಲ್ಲದವು: ಆಸ್ಪಿರಿನ್‌ನಿಂದ ಲಿವರ್, ಮಿದುಳು ಎರಡಕ್ಕೂ ಹಾನಿ ಮಾಡುವ ರೇ ಸಿಂಡ್ರೋಮ್ ಬರಬಹುದು, ವೈದ್ಯರೇ ಬರೆಯದ ಹೊರತು 16 ವರ್ಷದವರೆಗೆ ಕೊಡಬಾರದು. ನಿಮೆಸುಲೈಡ್ ಅನ್ನು 12 ವರ್ಷದೊಳಗಿನವರಿಗೆ ಕೊಡುವುದನ್ನು ನಮ್ಮ ದೇಶ 2011ರಲ್ಲೇ ನಿಷೇಧಿಸಿದೆ. ಮೆಫೆನಾಮಿಕ್ ಆಸಿಡ್ ಇರುವ ಜ್ವರದ ಸಿರಪ್ಪನ್ನು ಮೆಡಿಕಲ್ ಶಾಪಿನವರ ಮಾತಿನ ಮೇಲೆ ತರಬೇಡಿ. ಎರಡು ವರ್ಷದೊಳಗಿನ ಮಗುವಿಗೆ ಕೆಮ್ಮು, ನೆಗಡಿಯ ಸಿರಪ್ ಕೊಡಬಾರದೆಂದು 2025ರಲ್ಲಿ ಕೇಂದ್ರ ಆರೋಗ್ಯ ಇಲಾಖೆಯೂ ಹೇಳಿದೆ.

ಮನೆಮದ್ದಿನ ವಿಷಯ

- ಮಾಡಬಹುದಾದ್ದು: ತೆಳು ಬಟ್ಟೆ, ಗಾಳಿಯಾಡುವ ಕೋಣೆ, ಉಗುರುಬೆಚ್ಚಗಿನ ನೀರಿನಲ್ಲಿ ಮೈ ಒರೆಸುವುದು, ಎದೆಹಾಲು, ಗಂಜಿ, ಎಳನೀರು, ತೊಡೆಯ ಮೇಲೆ ಮಲಗಿಸಿ ತಲೆ ನೇವರಿಸುವುದು. ಆರು ತಿಂಗಳೊಳಗಿನ ಕೂಸಿಗೆ ಎದೆಹಾಲು ಬಿಟ್ಟು ಬೇರೇನೂ ಬೇಡ. ಮಂಜುಗಡ್ಡೆಯ ನೀರು ಬೇಡ. ನಡುಗಿದರೆ ಮೈ ಇನ್ನಷ್ಟು ಕಾಯುತ್ತದೆ.

- ಮಾಡಬಾರದ್ದು: ಒಂದು ವರ್ಷದೊಳಗೆ ಜೇನುತುಪ್ಪ ನೆಕ್ಕಿಸಬೇಡಿ. ಕರ್ಪೂರ ಬೆರೆಸಿದ ಎಣ್ಣೆಯನ್ನು ಎಳೆಮಕ್ಕಳಿಗೆ ಹಚ್ಚಬೇಡಿ. ಮೈಗೆ ಸೇರಿದರೆ ಫಿಟ್ಸ್ ತರಬಲ್ಲದು. ಬರೆ ಹಾಕುವುದಂತೂ ನೋವಿನ ಮೇಲೆ ನೋವು. ಯಾವ ಹಿರಿಯರು ಹೇಳಿದರೂ ಮಗುವನ್ನು ಆ ಬಿಸಿಗೆ ಒಡ್ಡಬೇಡಿ.

ಔಷಧಿ ಬದಿಗಿಟ್ಟು ಆಸ್ಪತ್ರೆಗೆ ಓಡಬೇಕಾದಾಗ

- ಚುಚ್ಚುಮದ್ದು ಹಾಕಿಸಿದ ಸಂಜೆಯ ಜ್ವರ ಬಿಟ್ಟು, ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ, ಎಷ್ಟೇ ಕಡಿಮೆಯಿರಲಿ, ಅಂದೇ ತೋರಿಸಿ.

- ಉಸಿರಾಡುವಾಗ ಪಕ್ಕೆ ಒಳಸೆಳೆದರೆ, ಕುತ್ತಿಗೆ ಬಾಗಿಸಲಾಗದಿದ್ದರೆ, ಎಬ್ಬಿಸಿದರೂ ಮಂಪರಿನಲ್ಲೇ ಇದ್ದರೆ, ಏಳೆಂಟು ಗಂಟೆ ಮೂತ್ರ ಹೋಗದಿದ್ದರೆ, ಒತ್ತಿದರೂ ಮಾಸದ ಕೆಂಪು ಚುಕ್ಕೆ ಎದ್ದರೆ ಕಾಯಬೇಡಿ.

- ಡೆಂಗಿಯಲ್ಲಿ ಜ್ವರ ಇಳಿದ ಹೊತ್ತಿನಲ್ಲೇ ಅಪಾಯ ಹೆಚ್ಚು. ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ, ತಣ್ಣಗಾದ ಕೈಕಾಲು ಕಂಡರೆ ‘ಜ್ವರ ಬಿಟ್ಟಿತಲ್ಲ’ ಎಂದು ನೆಮ್ಮದಿಪಡಬೇಡಿ.

- ಔಷಧಿ ಕೊಟ್ಟೂ ಮೂರು ದಿನ ದಾಟಿ ಜ್ವರವೋ ನೋವೋ ಉಳಿದಿದ್ದರೆ ಇನ್ನೊಂದು ಬಾಟಲಿ ತರುವ ಬದಲು ವೈದ್ಯರ ಬಳಿ ಹೋಗಿ. ನಿಮ್ಮ ಮನಸ್ಸು ‘ಏನೋ ಸರಿಯಿಲ್ಲ’ ಎನ್ನುತ್ತಿದ್ದರೆ ಮೂರು ದಿನವೂ ಕಾಯಬೇಕಿಲ್ಲ. ದಿನವೂ ಮಗುವನ್ನು ಎತ್ತಿ ಆಡಿಸುವವರಿಗೆ ತಿಳಿಯುವುದು ಸುಳ್ಳಲ್ಲ.

ಇದಿಷ್ಟನ್ನೂ ಜ್ವರದ ನಡುರಾತ್ರಿಯಲ್ಲಿ ಓದಿ ನೆನಪಿಟ್ಟುಕೊಳ್ಳಲು ಆಗದು. ಮಗು ಗೆಲುವಾಗಿರುವಾಗಲೇ ಅಂಗನವಾಡಿಯಲ್ಲಿ ತೂಕ ಹಾಕಿಸಿ. ಮನೆಯಲ್ಲಿರುವ ಬಾಟಲಿಯನ್ನು ವೈದ್ಯರಿಗೆ ತೋರಿಸಿ, ಎಷ್ಟು ಮಿಲಿ ಎಂದು ತಾಯಿ ಕಾರ್ಡಿನ ಮೇಲೆ ಬರೆಸಿಕೊಳ್ಳಿ. ತೂಕ ಏರಿದಂತೆ ಆ ಅಂಕಿಯನ್ನೂ ತಿದ್ದಿಸಿ.