‘ವಾಸಿಯಾಗುತ್ತಾ ಡಾಕ್ಟ್ರೇ?’: ಉತ್ತರ ಪಡೆಯುವುದು ರೋಗಿಯ ಹಕ್ಕು

ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಕಾರ್ಮಿಕರೊಬ್ಬರ ಕುತ್ತಿಗೆಯ ಗಂಟು ತೆಗೆದ ಮೇಲೆ ಮೆಡುಲರಿ ಥೈರಾಯ್ಡ್ ಕ್ಯಾನ್ಸರ್ ಎಂದು ವರದಿ ಬಂತೆನ್ನಿ. ಮುಂದೇನು ಎಂಬುದಕ್ಕೆ ಉತ್ತರ ಬಹುಪಾಲು ಅವರ ಫೈಲಿನಲ್ಲೇ ಇರುತ್ತದೆ. ಆ ಫೈಲು ಕೇಳಿ ಪಡೆಯಲು ಕಾನೂನಿನ ಬಲವಿದೆ.

ವರದಿ ಏನು ಹೇಳುತ್ತದೆ?
ಈ ಬಗೆ ಅಪರೂಪ. ರೇಡಿಯೋ ಅಯೋಡಿನ್ ಇದಕ್ಕೆ ನಾಟುವುದಿಲ್ಲ, ಶಸ್ತ್ರಚಿಕಿತ್ಸೆಯೇ ಮುಖ್ಯ. ಕಾಯಿಲೆ ಗ್ರಂಥಿಯೊಳಗೇ ಇದ್ದರೆ ಹತ್ತು ವರ್ಷ ದಾಟುವವರು ನೂರಕ್ಕೆ ಸುಮಾರು 95. ಮೂಳೆ, ಶ್ವಾಸಕೋಶದಂಥ ದೂರದ ಅಂಗಗಳಿಗೆ ಹರಡಿದ್ದರೆ ಸುಮಾರು 40. ಆಪರೇಷನ್ ನಂತರವೂ ರಕ್ತದಲ್ಲಿ ಉಳಿದ ಕ್ಯಾಲ್ಸಿಟೋನಿನ್ (ಈ ಕ್ಯಾನ್ಸರ್‌ನ ಸುಳಿವು ಕೊಡುವ ಹಾರ್ಮೋನು) ಆರು ತಿಂಗಳೊಳಗೆ ದುಪ್ಪಟ್ಟಾದರೆ ಅಪಾಯ ಹೆಚ್ಚು. ದುಪ್ಪಟ್ಟಾಗಲು ಎರಡು ವರ್ಷಕ್ಕೂ ಹೆಚ್ಚು ಹಿಡಿದರೆ ಕಡಿಮೆ. ಹಾಗಾಗಿ ಹಳೆಯ ಲ್ಯಾಬ್ ಚೀಟಿ ಒಂದೂ ಕಳೆಯಬಾರದು. ನೂರರಲ್ಲಿ ಸುಮಾರು 25 ಮಂದಿಗೆ ಇದು ‘ರೆಟ್’ ಜೀನ್ ದೋಷದಿಂದ ವಂಶಪಾರಂಪರ್ಯವಾಗಿ ಬರುತ್ತದೆ. ಜೀನ್ ವರದಿಯಲ್ಲಿ ದೋಷ ಕಂಡರೆ ಮಕ್ಕಳಿಗೂ ಒಡಹುಟ್ಟಿದವರಿಗೂ ಪರೀಕ್ಷೆ ಬೇಕು.

ದಾಖಲೆ ಕೇಳುವುದು ಹೇಗೆ?
2002ರ ವೈದ್ಯಕೀಯ ವೃತ್ತಿ ನಡತೆ ನಿಯಮಗಳ ಪ್ರಕಾರ ವೈದ್ಯರು ಕಾಯಿಲೆಯ ಗಂಭೀರತೆಯನ್ನು ಹಿಗ್ಗಿಸಿಯೂ ಹೇಳಬಾರದು, ಕುಗ್ಗಿಸಿಯೂ ಹೇಳಬಾರದು. ಒಳರೋಗಿಯ ದಾಖಲೆಗಳನ್ನು 3 ವರ್ಷ ಇಡಬೇಕು. ಕೇಳಿದ 72 ಗಂಟೆಯೊಳಗೆ ಕೊಡಬೇಕು. ಬಾಯಿಮಾತಿಗೆ ಬಿಡಬೇಡಿ. ಬಿಳಿ ಹಾಳೆಯಲ್ಲಿ ಐಪಿ (ಒಳರೋಗಿ) ನಂಬರ್, ದಾಖಲಾದ ದಿನಾಂಕ ಬರೆದು ಡಿಸ್ಚಾರ್ಜ್ ಸಮ್ಮರಿ, ಆಪರೇಷನ್ ನೋಟ್ಸ್, ಬಯಾಪ್ಸಿ, ಕ್ಯಾಲ್ಸಿಟೋನಿನ್ ಮತ್ತು ಜೀನ್ ವರದಿಗಳ ಪ್ರತಿ ಕೇಳಿ. ನಿಮ್ಮ ನಕಲಿನ ಮೇಲೆ ಸೀಲು, ಸಮಯ ಹಾಕಿಸಿಕೊಳ್ಳಿ. ಸರ್ಕಾರಿ ಆಸ್ಪತ್ರೆಯಾದರೆ ಮಾಹಿತಿ ಹಕ್ಕು ಅರ್ಜಿಯ ದಾರಿಯೂ ಇದೆ, ಬಿಪಿಎಲ್‌ನವರಿಗೆ ಶುಲ್ಕವಿಲ್ಲ.

ಖರ್ಚು, ಸಂಬಳ
ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಡಿ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಸಿಗುತ್ತದೆ. ಇಎಸ್‌ಐ ಇರುವ ಕಾರ್ಮಿಕರು ಸೇವಾವಧಿ ಮತ್ತು ವಂತಿಗೆಯ ಷರತ್ತು ಪೂರೈಸಿದ್ದರೆ, ಕ್ಯಾನ್ಸರ್‌ಗೆ ವಿಸ್ತರಿತ ಅನಾರೋಗ್ಯ ಸೌಲಭ್ಯವಾಗಿ ಸರಾಸರಿ ವೇತನದ ಶೇ. 80ರಷ್ಟು ಪಡೆಯಬಹುದು.

ದೂರು ಯಾವಾಗ?
ಗುಣವಾಗಲಿಲ್ಲ ಎಂದಮಾತ್ರಕ್ಕೆ ಅದು ವೈದ್ಯರ ನಿರ್ಲಕ್ಷ್ಯವಾಗದು ಎಂಬುದು 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದ ಮಾತು. ಒಪ್ಪಿಗೆಯಿಲ್ಲದೆ ಆಪರೇಷನ್ ಮಾಡಿದರೆ, ದಾಖಲೆ ಕೊಡದಿದ್ದರೆ ವಿಷಯವೇ ಬೇರೆ. ಹಣ ಕೊಟ್ಟು ಚಿಕಿತ್ಸೆ ಪಡೆದವರು 2 ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಕೊಟ್ಟ ಹಣ 5 ಲಕ್ಷ ರೂ. ಮೀರದಿದ್ದರೆ ಶುಲ್ಕವಿಲ್ಲ. ಮಹಿಳೆಯರು, ಪರಿಶಿಷ್ಟರು, ಕೈಗಾರಿಕಾ ಕಾರ್ಮಿಕರು ಉಚಿತ ಕಾನೂನು ನೆರವಿಗೆ ಅರ್ಹರು, ಸಹಾಯವಾಣಿ 15100. ಕರೆ ಮಾಡುವ ಮೊದಲು ಸೀಲು ಬಿದ್ದ ಆ ಅರ್ಜಿ ಕೈಯಲ್ಲಿರಲಿ.