ಮರೆವು ಬಂದರೂ ಬದುಕು ಮುಗಿಯುವುದಿಲ್ಲ



ವಯಸ್ಸಾದವರು ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದರೆ ನಾವು "ಅರಳು ಮರಳು" ಎಂದು ನಕ್ಕು ಸುಮ್ಮನಾಗುತ್ತೇವೆ. ಆದರೆ ಎಲ್ಲ ಮರೆವೂ ವಯಸ್ಸಿನದ್ದಲ್ಲ. ಮೆದುಳಿನ ಜೀವಕೋಶಗಳು ಹಾಳಾಗಿ ಬರುವ ಮರೆವಿನ ಕಾಯಿಲೆಗೆ ಡಿಮೆನ್ಶಿಯಾ ಎನ್ನುತ್ತಾರೆ. ಇದರಲ್ಲಿ ಹೆಚ್ಚಾಗಿ ಕಾಣುವುದು ಅಲ್ಜೈಮರ್ ಕಾಯಿಲೆ. 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ 60 ವರ್ಷ ದಾಟಿದ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಶಿಯಾ ಇದೆ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ಇದು ಶಾಪವಲ್ಲ, ಮಾಟವಲ್ಲ, ಹುಚ್ಚೂ ಅಲ್ಲ.

ಗುರುತಿಸುವುದು ಹೇಗೆ?

ಸಾರಿಗೆ ಉಪ್ಪು ಹಾಕಲು ಒಮ್ಮೆ ಮರೆಯುವುದು ಸಹಜ. ನಲವತ್ತು ವರ್ಷ ಮಾಡಿದ ಸಾರನ್ನು ಹೇಗೆ ಮಾಡುವುದೆಂದೇ ತೋಚದಿದ್ದರೆ ಎಚ್ಚರ ವಹಿಸಬೇಕು. ಗೊತ್ತಿದ್ದ ದಾರಿ ತಪ್ಪುವುದು, ಹಣದ ಲೆಕ್ಕ ತಪ್ಪುವುದು, "ನನ್ನ ದುಡ್ಡು ಕದ್ದರು" ಎಂಬ ಸಂಶಯ, ಕಾರಣವಿಲ್ಲದ ಸಿಟ್ಟು ಇವೂ ಸೂಚನೆಗಳೇ.

ಒಂದು ಸಂಘದಲ್ಲಿ ಹದಿನೈದು ವರ್ಷ ಒಂದು ವಾರವೂ ಉಳಿತಾಯ ತಪ್ಪಿಸದ ಅಮ್ಮ ಒಬ್ಬರು, ಕಟ್ಟದ ಹಣವನ್ನು "ಕಟ್ಟಿದ್ದೀನಿ" ಎಂದು ಜಗಳಕ್ಕೆ ನಿಂತರು. "ಸುಳ್ಳು ಹೇಳ್ತಾರೆ, ಸಂಘದಿಂದ ತೆಗೀರಿ" ಎಂದು ಕೆಲವರು ಕೂಗಾಡಿದರು. ಪ್ರತಿನಿಧಿ ಮಾತ್ರ ಸೊಸೆಯನ್ನು ಕರೆದು ವಿಚಾರಿಸಿದರು. ಮನೆಯಲ್ಲೂ ಒಂದು ವರ್ಷದಿಂದ ಹೀಗೇ ಎಂದು ಆಗ ತಿಳಿಯಿತು. ಈಗ ಸೊಸೆ ಜೊತೆಗೆ ಬಂದು ಹಣ ಕಟ್ಟುತ್ತಾಳೆ. ಪಾಸ್‌ಬುಕ್ಕನ್ನು ಅವರೆದುರೇ ಬರೆದು ಓದಿ ಹೇಳುತ್ತಾರೆ. ಸಭೆಗೆ ಚಾಪೆ ಹಾಸುವುದು, ಹಾಡು ಶುರು ಮಾಡುವುದು ಆ ಅಮ್ಮನದೇ ಕೆಲಸ. ಹಾಡಿನ ಒಂದು ಪದವೂ ಅವರಿಗೆ ಮರೆತಿಲ್ಲ.

ಮೊದಲು ವೈದ್ಯರ ಬಳಿಗೆ

ಥೈರಾಯ್ಡ್ ತೊಂದರೆ, ಬಿ12 ಜೀವಸತ್ವದ ಕೊರತೆ, ಮನಸ್ಸಿನ ಖಿನ್ನತೆ ಇವುಗಳಿಂದಲೂ ಮರೆವು ಬರುತ್ತದೆ. ಇವಕ್ಕೆ ಚಿಕಿತ್ಸೆ ಇದೆ. ಆದ್ದರಿಂದ ಪರೀಕ್ಷೆ ಮಾಡಿಸದೆ ಕೈಬಿಡಬಾರದು. ಅಲ್ಜೈಮರ್ ಪೂರ್ತಿ ವಾಸಿಯಾಗುವ ಔಷಧಿ ಇನ್ನೂ ಇಲ್ಲ. ಕೆಲವರಿಗೆ ಮಾತ್ರೆಗಳಿಂದ ಸ್ವಲ್ಪ ಅನುಕೂಲವಾಗುತ್ತದೆ. ಒಂದೆರಡು ದಿನದಲ್ಲೇ ಗಲಿಬಿಲಿ ತೀರಾ ಹೆಚ್ಚಾದರೆ ಅದು ಮೂತ್ರದ ಸೋಂಕು, ನೀರಿನ ಕೊರತೆ, ಮಲಬದ್ಧತೆಯಿಂದ ಇರಬಹುದು. ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ದಿನನಿತ್ಯ ಏನು ಮಾಡಬೇಕು?

1. ಏಳುವುದು, ಸ್ನಾನ, ಊಟ, ನಿದ್ದೆ ಎಲ್ಲಕ್ಕೂ ದಿನಾ ಒಂದೇ ಹೊತ್ತು ಇರಲಿ.

2. ದಿನಾ ಸ್ವಲ್ಪ ನಡೆಸಿ. ಸೊಪ್ಪು, ಕಾಳು, ಹಣ್ಣು ಕೊಡಿ. ಬಾಯಾರಿಕೆ ಹೇಳಲು ಅವರಿಗೆ ಮರೆಯಬಹುದು, ನೀವೇ ಆಗಾಗ ನೀರು ಕುಡಿಸಿ. ಕೂರಿಸಿಯೇ ಊಟ ಮಾಡಿಸಿ.

3. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ತಪ್ಪಿಸಬೇಡಿ. ಕಣ್ಣು, ಕಿವಿ, ಹಲ್ಲು ತೋರಿಸಿ. ಕಿವಿ ಕೇಳದಿದ್ದರೆ ಗಲಿಬಿಲಿ ಹೆಚ್ಚುತ್ತದೆ.

4. ಕೈಗೆ ಕೆಲಸ ಕೊಡಿ. ಅವರೆಕಾಯಿ ಸುಲಿಯುವುದು, ಹೂ ಕಟ್ಟುವುದು, ಬಟ್ಟೆ ಮಡಿಸುವುದು. ತಪ್ಪಿದರೂ ಬೈಯಬೇಡಿ.

5. "ಆಗಲೇ ಹೇಳಿದೆನಲ್ಲ" ಎನ್ನಬೇಡಿ. ಎದುರಿಗೆ ಕುಳಿತು, ಹೆಸರು ಹಿಡಿದು, ಒಂದೊಂದೇ ಮಾತು ನಿಧಾನವಾಗಿ ಹೇಳಿ.

6. ಬಚ್ಚಲು ಜಾರದಂತಿರಲಿ, ರಾತ್ರಿ ಸಣ್ಣ ದೀಪವಿರಲಿ, ಗ್ಯಾಸ್ ಬಂದ್ ಮಾಡಿಡಿ. ಸೆರಗಿನ ಒಳಗೆ ಮನೆಯವರ ಫೋನ್ ನಂಬರ್ ಹೊಲಿಯಿರಿ.

7. ಜಮೀನು, ಬ್ಯಾಂಕಿನ ವಿಚಾರ ಅವರಿಗೆ ತಿಳಿವಳಿಕೆ ಇರುವಾಗಲೇ ಅವರ ಇಷ್ಟದಂತೆ ತೀರ್ಮಾನವಾಗಲಿ. ಅರ್ಥವಾಗದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸುವುದು ಅನ್ಯಾಯ.

ನೋಡಿಕೊಳ್ಳುವವಳನ್ನು ಮರೆಯದಿರೋಣ

ಹೆಚ್ಚಾಗಿ ಈ ಭಾರ ಬೀಳುವುದು ಒಬ್ಬ ಸೊಸೆಯ ಅಥವಾ ಮಗಳ ತಲೆಯ ಮೇಲೆ. ನಿದ್ದೆ ಇಲ್ಲ, ಕೂಲಿ ಇಲ್ಲ, ಹೊಗಳಿಕೆಯೂ ಇಲ್ಲ. ಗಂಡು ಮಕ್ಕಳೂ ಸರದಿ ಹಿಡಿಯಲಿ. ವಾರಕ್ಕೆ ಎರಡು ಗಂಟೆ ಸಂಘದವರು ಒಬ್ಬರು ಹೋಗಿ ಕುಳಿತರೆ ಅವಳು ಸಂತೆಗೋ ಸಭೆಗೋ ಹೋಗಿ ಬರುತ್ತಾಳೆ. ಮನಸ್ಸಿಗೆ ಸಂಕಟವಾದರೆ ಟೆಲಿ ಮಾನಸ್ 14416, ಹಿರಿಯರ ಸಹಾಯವಾಣಿ 14567ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಚರ್ಚೆಗೆ

1. ನಮ್ಮ ಸಂಘದಲ್ಲಿ ಇತ್ತೀಚೆಗೆ ಸಭೆಗೆ ಬಾರದ ಹಿರಿಯರು ಯಾರು? ಏಕೆ?

2. ಯಾವ ಮನೆಯಲ್ಲಿ ಒಬ್ಬಳೇ ನೋಡಿಕೊಳ್ಳುತ್ತಿದ್ದಾಳೆ? ಯಾವ ವಾರ ಯಾರು ಹೋಗುತ್ತೀರಿ?

ತೀರ್ಮಾನವನ್ನು ನಿರ್ಣಯ ಪುಸ್ತಕದಲ್ಲಿ ಹೆಸರು ಸಹಿತ ಬರೆಯಿರಿ. ಮುಂದಿನ ಸಭೆಯಲ್ಲಿ ಮೊದಲು ಅದನ್ನೇ ಓದೋಣ.